ಫೋರ್ ವೀಲ್ ಡ್ರೈವ್ ಮಾಡ್ಯೂಲ್ ಬದಲಾವಣೆ: ಕಾಸರಗೋಡಿನ ಕಡೆ ಯಾರ ಕೈಗೆ ಕೊಡಬಹುದು?

ಅಂಕ ಮೊದಲೇ ಹೇಳಿಬಿಡುತ್ತೇವೆ. ಪಿಕಪ್‌ನ ಫೋರ್ ವೀಲ್ ಡ್ರೈವ್ ಕಂಟ್ರೋಲ್ ಮಾಡ್ಯೂಲ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವುದನ್ನು ನಿಯಂತ್ರಿಸುವ ಇಲೆಕ್ಟ್ರಾನಿಕ್ ಡಬ್ಬಿ, ಕೆಟ್ಟರೆ ಕಾಸರಗೋಡಿನವರಿಗೆ ಇರುವ ದಾರಿ ಮೂರು. ಕಂಪೆನಿ ಸರ್ವಿಸ್ ಸೆಂಟರಿನಲ್ಲಿ ಹೊಸತು ಹಾಕಿಸುವುದಕ್ಕೆ ಐದರಲ್ಲಿ ಮೂರೂವರೆ. ಬೋರ್ಡ್ ಬಿಚ್ಚಿ ರಿಪೇರಿ ಮಾಡಬಲ್ಲ ಆಟೋ ಇಲೆಕ್ಟ್ರಿಷಿಯನ್‌ಗೆ ನಾಲ್ಕು. ಗುಜರಿಯಿಂದ ತಂದ ಮಾಡ್ಯೂಲಿಗೆ ಎರಡು, ಅದೂ ಧಾರಾಳವಾಗಿ ಕೊಟ್ಟರೆ.

ಇದು ಡ್ಯಾಶ್‌ಬೋರ್ಡಿನ ಗುಂಡಿ ತಿರುಗಿಸಿ 2ಎಚ್ (ಹಿಂದಿನ ಎರಡು ಚಕ್ರ ಮಾತ್ರ), 4ಎಚ್ (ನಾಲ್ಕೂ ಚಕ್ರ), 4ಎಲ್ (ನಾಲ್ಕೂ ಚಕ್ರ, ನಿಧಾನ ಆದರೆ ಹೆಚ್ಚು ಬಲ) ಹಾಕುವ ಗಾಡಿಗಳ ಮಾತು. ವಿ-ಕ್ರಾಸ್, ಹೈಲಕ್ಸ್, ಹಳೆಯ ಗೆಟ್‌ಅವೇ, ಝೆನಾನ್ ಫೋರ್ ಬೈ ಫೋರ್ ಎಲ್ಲ ಈ ಜಾತಿಯವು. ಬಂದಡ್ಕ, ಅಡೂರು ಕಡೆ ಗುಡ್ಡ ಹತ್ತುವ ಲಿವರ್ ಜೀಪುಗಳಿಗೆ ಈ ತಲೆನೋವೇ ಇಲ್ಲ. ಅವುಗಳ ಯಜಮಾನರು ಓದು ಇಲ್ಲಿಗೇ ನಿಲ್ಲಿಸಬಹುದು.

ಗುಂಡಿ ತಿರುಗಿಸಿದಾಗ ನೇರವಾಗಿ ಏನೂ ಬದಲಾಗುವುದಿಲ್ಲ, ಮಾಡ್ಯೂಲಿಗೆ ಒಂದು ಬೇಡಿಕೆ ಹೋಗುತ್ತದೆ ಅಷ್ಟೆ. ಅದು ಗಾಡಿಯ ವೇಗ ನೋಡುತ್ತದೆ. 4ಎಲ್ ಕೇಳಿದ್ದರೆ ಗಾಡಿ ನಿಂತಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ಅಥವಾ ಕ್ಲಚ್ ಒತ್ತಿದೆಯೇ ಎಂದೂ ನೋಡುತ್ತದೆ. ಎಲ್ಲ ಸರಿಯಿದ್ದರೆ ಟ್ರಾನ್ಸ್‌ಫರ್ ಕೇಸಿಗೆ (ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಕೂರಿಸಿದ ಶಿಫ್ಟ್ ಮೋಟಾರಿಗೆ ಕರೆಂಟ್ ಬಿಡುತ್ತದೆ. ಮೋಟಾರ್ ಜಾಗಕ್ಕೆ ಬಂತೆಂದು ಪೊಸಿಶನ್ ಸೆನ್ಸರ್ ತಿಳಿಸಿದ ಕೂಡಲೇ ಕರೆಂಟ್ ಕಡಿದು ದೀಪ ಉರಿಸುತ್ತದೆ. ಇಷ್ಟರಲ್ಲಿ ಎಲ್ಲಿ ತಪ್ಪಿದರೂ ನಮಗೆ ಕಾಣುವುದು ಮಿನುಗುವ ದೀಪ ಒಂದೇ. ಸರಿಯಿರುವ ಮಾಡ್ಯೂಲನ್ನು ಕಿತ್ತು ಇನ್ನೊಂದು ಹಾಕುವ ಎಡವಟ್ಟು ಆಗುವುದು ಇದರಿಂದಲೇ.

ಆದ್ದರಿಂದ ವರ್ಕ್‌ಶಾಪಿನ ಯೋಗ್ಯತೆ ತಿಳಿಯುವುದು ಸ್ಪಾನರ್ ಹಿಡಿಯುವ ಮೊದಲೇ. ಗಾಡಿ ನಿಲ್ಲಿಸಿದ ಐದು ನಿಮಿಷದಲ್ಲಿ “ಮಾಡ್ಯೂಲ್ ಹೋಗಿದೆ ಮಾರಾಯ್ರೇ” ಅಂದರೆ ಬೇರೆ ಕಡೆ ಹೋಗಿ. ತಿಳಿದವರು ಮೊದಲು ಬ್ಯಾಟರಿ ಅಳೆಯುತ್ತಾರೆ. ಇಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದಿನ ಪರೀಕ್ಷೆಗೆ ಅರ್ಥವಿಲ್ಲ. ಆಮೇಲೆ ಫ್ಯೂಸ್. ಆಮೇಲೆ ಮಾಡ್ಯೂಲಿನ ಕನೆಕ್ಟರ್ ಬಿಡಿಸಿ, ಅದರ ಪವರ್ ಮತ್ತು ಗ್ರೌಂಡ್ ವಯರುಗಳ ನಡುವೆ 21 ವಾಟ್‌ನ ಇಂಡಿಕೇಟರ್ ಬಲ್ಬ್ ಹಾಕಿ ನೋಡುವುದು. ಬರೀ ಮಲ್ಟಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಒಳಗೆ ಕಿಲುಬು ಹಿಡಿದು ಒಂದೇ ಎಳೆ ಉಳಿದ ವಯರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುವ ಬಲ್ಬ್ ಆ ವಯರಿನಲ್ಲಿ ಮಂಕಾಗಿ ಗುಟ್ಟು ಬಿಟ್ಟುಕೊಡುತ್ತದೆ. ಅಡಕೆ ಅಂಗಳದಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದ ವಯರ್ ಹುಡುಕುವುದೂ ಈ ಹಂತದಲ್ಲೇ.

ಸ್ಕ್ಯಾನರ್ ಹಾಕಿದಾಗ ಇಂಜಿನ್, ಎಬಿಎಸ್ ಬ್ರೇಕ್ ಎರಡರ ಮಾಡ್ಯೂಲುಗಳೂ ಉತ್ತರ ಕೊಟ್ಟು ಫೋರ್ ವೀಲ್ ಮಾಡ್ಯೂಲ್ ಮಾತ್ರ ಸುಮ್ಮನಿದ್ದರೆ, ಈ ಮಾಡ್ಯೂಲಿನ ಸಂಪರ್ಕ ಕಡಿದಿದೆ ಎನ್ನುವ ಯು0102 ಕೋಡ್ ಬಂದಿದ್ದರೆ, ಪವರ್ ಮತ್ತು ಗ್ರೌಂಡ್ ಸರಿಯಿದ್ದರೆ ಮಾಡ್ಯೂಲಿನ ಮೇಲೆ ಸಂಶಯ ಪಡಬಹುದು. ಅದಕ್ಕೂ ಮೊದಲು ಬ್ಯಾಟರಿ ಕಳಚಿ ಮಾಡ್ಯೂಲುಗಳು ಪರಸ್ಪರ ಮಾತಾಡುವ ಎರಡು ಕ್ಯಾನ್ ವಯರುಗಳ ನಡುವೆ ಓಮ್ ಅಳೆಯಬೇಕು. 60 ಓಮ್ ಬಂದರೆ ಸರಿ. 120 ಬಂದರೆ ವಯರ್ ಎಲ್ಲೋ ತುಂಡಾಗಿದೆ ಅಥವಾ ಒಂದು ತುದಿಯ ರೆಸಿಸ್ಟರ್ ಸಿಗುತ್ತಿಲ್ಲ. ಪಿ0836 ಬಂದಿದ್ದರೆ ಅದು ಗುಂಡಿಯ ಸರ್ಕ್ಯೂಟಿನ ದೂರು. ಮಾಡ್ಯೂಲ್ ಬದುಕಿದ್ದು ತಾನೇ ಆ ದೂರು ಬರೆದಿಟ್ಟಿದೆ, ಅದನ್ನು ಬದಲಿಸಿ ಪ್ರಯೋಜನವಿಲ್ಲ.

ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆ ಶಿಫ್ಟ್ ಮೋಟಾರಿನದು, ದುಡ್ಡು ಹೋಗುವುದೂ ಅಲ್ಲೇ. ಮೋಟಾರ್ ಬಿಗಿಯಾದರೆ ಕರೆಂಟ್ ವಿಪರೀತ ಎಳೆಯುತ್ತದೆ, ಮಾಡ್ಯೂಲಿನ ರಿಲೇ (ಮೋಟಾರಿಗೆ ಕರೆಂಟ್ ಬಿಡುವ, ಕಡಿಯುವ ಸ್ವಿಚ್) ಪಾಯಿಂಟ್ ಸುಡುತ್ತದೆ. ಮಾಡ್ಯೂಲ್ ಮಾತ್ರ ಬದಲಿಸಿದರೆ ಹೊಸತೂ ಅದೇ ರೀತಿ ಸಾಯುತ್ತದೆ. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಮೋಟಾರಿನ ಕನೆಕ್ಟರ್ ಬಿಡಿಸಿ ಅದರ ಎರಡು ದಪ್ಪ ವಯರುಗಳಿಗೆ ಫ್ಯೂಸ್ ಮೂಲಕ 12 ವೋಲ್ಟ್ ಕ್ಷಣಮಾತ್ರ ಮುಟ್ಟಿಸಬೇಕು. ಒಂದು ಕಡೆಗೆ ಜಗ್ಗಬೇಕು, ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಇನ್ನೊಂದು ಕಡೆಗೆ. ತೆಳು ವಯರುಗಳು ಸೆನ್ಸರಿನವು, ಅವುಗಳಿಗೆ ಮುಟ್ಟಿಸಿದರೆ ಅದೂ ಹೋಯಿತು. ಮೋಟಾರ್ ಮಿಸುಕದಿದ್ದರೆ ಅದನ್ನು ಕಳಚಿ ಶಾಫ್ಟನ್ನು ಸ್ಪಾನರಿನಿಂದ ತಿರುಗಿಸಿ ನೋಡುವುದು. ಶಾಫ್ಟೇ ಗಟ್ಟಿಯಿದ್ದರೆ ಕಾಯಿಲೆ ಟ್ರಾನ್ಸ್‌ಫರ್ ಕೇಸಿನ ಒಳಗಿದೆ, ಇಲೆಕ್ಟ್ರಿಷಿಯನ್‌ಗೆ ಅಲ್ಲಿ ಕೆಲಸವಿಲ್ಲ. ಕಳಚುವ ಮೊದಲು ಶಾಫ್ಟಿನ ಸ್ಥಾನ ಗುರುತು ಹಾಕಿಕೊಳ್ಳದಿದ್ದರೆ ಮೋಟಾರ್ ಮರಳಿ ಕೂರಿಸುವಾಗ ಪರದಾಟ ಗ್ಯಾರಂಟಿ.

ಈಗ ಸರ್ವಿಸ್ ಸೆಂಟರ್. ಗಾಡಿಯ ಕಂಪೆನಿ ನೋಡಿಕೊಂಡು ಮಂಗಳೂರಿಗೋ ಕಣ್ಣೂರಿಗೋ ಹೋಗಬೇಕಾಗಬಹುದು. 2ಎಚ್‌ನಲ್ಲಿ ನಿಂತುಹೋಗಿದ್ದರೆ ಓಡಿಸಿಕೊಂಡೇ ಹೋಗಿ. 4ಎಚ್ ಅಥವಾ 4ಎಲ್‌ನಲ್ಲಿ ಸಿಕ್ಕಿಕೊಂಡಿದ್ದರೆ ಟಾರು ರಸ್ತೆಗೆ ಇಳಿಸಬೇಡಿ. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಚಕ್ರಗಳ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ, ತಿರುವುಗಳಲ್ಲಿ ಎರಡೂ ಆಕ್ಸಲ್ ಒಂದನ್ನೊಂದು ಎಳೆದಾಡುತ್ತವೆ. ನಾಲ್ಕೂ ಚಕ್ರ ನೆಲ ಬಿಡುವ ಹಾಗೆ ಲಾರಿ ಮೇಲೆ ಹೇರಿಸಿ. ಮುಂಭಾಗ ಮಾತ್ರ ಎತ್ತಿ ಎಳೆದರೆ ಟ್ರಾನ್ಸ್‌ಫರ್ ಕೇಸಿಗೂ ಏಟು. ಸೆಂಟರಿನ ಗುಣವೆಂದರೆ ಚಾಸಿಸ್ ನಂಬರ್ ಹಾಕಿ ಸರಿಯಾದ ಪಾರ್ಟನ್ನೇ ತರಿಸುತ್ತಾರೆ, ಪ್ರೋಗ್ರಾಮಿಂಗ್ ತೊಡಕಿಲ್ಲ, ವಾರಂಟಿ ಬಿಲ್ಲಿನಲ್ಲೇ ಬರುತ್ತದೆ. ಒಂದೂವರೆ ಅಂಕ ಕಡಿಮೆ ಯಾಕೆಂದರೆ ಪಾರ್ಟ್ ಬರುವ ತನಕ ಕಾಯಬೇಕು, ಬೋರ್ಡ್ ಯಾರೂ ಬಿಚ್ಚುವುದಿಲ್ಲ, ರಿಲೇ ಒಂದೇ ಸುಟ್ಟಿದ್ದರೂ ಇಡೀ ಡಬ್ಬಿಯ ದುಡ್ಡು. ಮೋಟಾರನ್ನೂ ಜೊತೆಗೇ ಬದಲಿಸೋಣ ಅಂದರೆ ಅದು ಎಷ್ಟು ಆಂಪಿಯರ್ ಎಳೆಯಿತು ಎಂದು ಕೇಳಿ. ಉತ್ತರ ಇಲ್ಲವಾದರೆ ಒಪ್ಪಬೇಡಿ.

ಬೋರ್ಡ್ ರಿಪೇರಿಯವರಿಗೆ ಹೆಚ್ಚು ಅಂಕ ಕೊಟ್ಟದ್ದು ನಮ್ಮ ಕಡೆಯ ಮಳೆ ನೋಡಿಕೊಂಡೇ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಸುರಿಯುವ ಊರಿನಲ್ಲಿ ಮಾಡ್ಯೂಲ್ ಕೆಡುವುದು ಹೆಚ್ಚಾಗಿ ನೀರಿನಿಂದ ಅಥವಾ ರಿಲೇಯಿಂದ, ಪ್ರೊಸೆಸರ್‌ನಿಂದಲ್ಲ. ಡಬ್ಬಿ ತೆರೆದರೆ ಕನೆಕ್ಟರ್ ಪಿನ್ನುಗಳ ಬುಡದಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ, ಅದರ ಪಕ್ಕದ ತಾಮ್ರದ ಗೆರೆ ತಿಂದುಹೋಗಿರುತ್ತದೆ. ರಿಲೇ ಬಿಚ್ಚಿದರೆ ಪಾಯಿಂಟುಗಳಲ್ಲಿ ಕಪ್ಪು ಕುಳಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಷ್ ಹಾಕಿ ತೊಳೆದು, ಗೆರೆಗೆ ತುಂಡು ವಯರಿನ ಜಂಪರ್ ಹಾಕಿ, ಅದೇ ರೇಟಿಂಗ್‌ನ ರಿಲೇ ಕೂರಿಸಿ, ಬಿರುಕು ಬಿಟ್ಟ ಸೋಲ್ಡರ್ ಮತ್ತೆ ಕರಗಿಸಿ, ಮೇಲೆ ರಕ್ಷಕ ಕೋಟಿಂಗ್ ಕೊಟ್ಟರೆ ಕೆಲಸ ಗಟ್ಟಿ. ಕೋಡಿಂಗ್ ಹಳೆಯದೇ ಉಳಿಯುವುದರಿಂದ ಪ್ರೋಗ್ರಾಮಿಂಗ್ ಖರ್ಚೂ ಇಲ್ಲ. ಪೆಟ್ರೋಲಿನಲ್ಲೋ ಥಿನ್ನರಿನಲ್ಲೋ ಬೋರ್ಡ್ ತೊಳೆಯುವವರನ್ನು ಕಂಡರೆ ಮಾತ್ರ ಡಬ್ಬಿ ವಾಪಸು ತನ್ನಿ. ಒಳಗೆಲ್ಲ ಕಪ್ಪು ರಾಳ ತುಂಬಿದ ಮಾಡ್ಯೂಲಾದರೂ ರಿಪೇರಿಯ ಆಸೆ ಬಿಡಿ. ಕಳೆದ ಒಂದು ಅಂಕ ವಾರಂಟಿಗೆ, ಅದು ಬರೀ ಬಾಯಿಮಾತಿನದು. ರಿಲೇ ನಂಬರ್ ಸಹಿತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಿಲ್ ಮಲಯಾಳದಲ್ಲಿದ್ದರೂ ಅಡ್ಡಿಯಿಲ್ಲ, ಬರೆದಿದ್ದರೆ ಸಾಕು.

ಗುಜರಿ ಮಾಲಿನ ತೊಂದರೆ ಎರಡು. ಹೊರಗೆ ಒಂದೇ ಥರ ಕಾಣುವ ಡಬ್ಬಿ ಮ್ಯಾನುವಲ್ ಗೇರಿನ ಗಾಡಿಗೆ ಬೇರೆ, ಆಟೊಮ್ಯಾಟಿಕ್‌ಗೆ ಬೇರೆ ಇರಬಹುದು. ಪಾರ್ಟ್ ನಂಬರ್ ಕೊನೆಯ ಅಕ್ಷರದ ತನಕ ಹೊಂದಬೇಕು. ಇನ್ನು ಅದು ನೀರಿನಲ್ಲಿ ಮುಳುಗಿದ ಗಾಡಿಯದ್ದೋ ಏನೋ, 2018ರ ಮಹಾನೆರೆ ಕಂಡ ರಾಜ್ಯ ಇದು. ಪಿನ್ನುಗಳನ್ನು ಟಾರ್ಚ್ ಹಾಕಿ ನೋಡದೆ ಕೊಳ್ಳಬೇಡಿ. ಹಳೆಯ ಬೋರ್ಡಿನ ಎಂಟು ಕಾಲಿನ ಮೆಮೊರಿ ಚಿಪ್ಪಿನ ಮಾಹಿತಿಯನ್ನು ಇದಕ್ಕೆ ನಕಲು ಮಾಡಬಲ್ಲವರು ಸಿಕ್ಕಿದರೆ ಕೆಲವು ಗಾಡಿಗಳಲ್ಲಿ ಇದೂ ಚೆನ್ನಾಗಿ ನಡೆಯುತ್ತದೆ.

ಬದಲಿಸುವ ಕೆಲಸ ದೊಡ್ಡದಲ್ಲ. ಕೀ ತೆಗೆದು, ಬ್ಯಾಟರಿಯ ಮೈನಸ್ ಕಳಚಿ, ಹತ್ತು ಹದಿನೈದು ನಿಮಿಷ ಬಿಡಬೇಕು. ಏರ್‌ಬ್ಯಾಗ್ ಇರುವ ಡ್ಯಾಶಿನಲ್ಲಿ ಕೈ ಹಾಕುವಾಗ ಇದರಲ್ಲಿ ರಾಜಿ ಇಲ್ಲ. ಟ್ರಿಮ್ ತೆಗೆದು, ಕನೆಕ್ಟರಿನ ಲಾಕ್ ಒತ್ತಿ ಎಳೆಯಬೇಕು, ವಯರ್ ಹಿಡಿದಲ್ಲ. ಹೊಸತನ್ನು ಕೂರಿಸಿದ ಮೇಲೆ ಕೆಲವಕ್ಕೆ ಚಾಸಿಸ್ ನಂಬರ್, ಟಯರ್ ಅಳತೆ, ಆಕ್ಸಲ್ ಅನುಪಾತ ತುಂಬಿಸಬೇಕು. ಆ ಹೊತ್ತಿನಲ್ಲಿ ಬ್ಯಾಟರಿಗೆ ಸ್ಥಿರವಾದ ಪವರ್ ಸಪ್ಲೈ ಕೊಟ್ಟಿರಲೇಬೇಕು. ನಡುವೆ ವೋಲ್ಟೇಜ್ ಕುಸಿದರೆ ಹೊಸ ಮಾಡ್ಯೂಲ್ ಅಲ್ಲೇ ಕಲ್ಲಾಗಬಹುದು.

ನೀರು ಎಲ್ಲಿಂದ ಬಂತು ಎಂದು ಹುಡುಕದೆ ಡ್ಯಾಶ್ ಮುಚ್ಚಲು ಬಿಡಬೇಡಿ. ಮುಂದಿನ ಗಾಜಿನ ಅಂಚಿನ ಸೀಲು, ಕಟ್ಟಿಕೊಂಡ ಎಸಿ ನೀರಿನ ಪೈಪು, ಇವೆರಡೇ ಸಾಮಾನ್ಯ ಕಳ್ಳರು. ಕಾಲ ಕೆಳಗಿನ ಕಾರ್ಪೆಟ್ ಎತ್ತಿ ಅಡಿಯ ಸ್ಪಂಜ್ ಹಿಂಡಿದರೆ ಗೊತ್ತಾಗುತ್ತದೆ. ಮೇಲೆ ಒಣಗಿ ಕಂಡರೂ ಅಡಿಯಲ್ಲಿ ವಾರಗಟ್ಟಲೆ ಪಸೆ ಇರುತ್ತದೆ.

ಗಾಡಿ ವಾಪಸು ತೆಗೆದುಕೊಳ್ಳುವಾಗ ದೀಪ ಉರಿಯಿತೆಂದು ಹೊರಡಬೇಡಿ. ಹಿಂದಿನ ಚಕ್ರಗಳಿಗೆ ಕಟ್ಟೆ ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಇಡಿಸಿ, ಗೇರಿಗೆ ಹಾಕಿ, ಇಂಜಿನ್ ನಿಲ್ಲಿಸಿ, ಮುಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆಸಿ. 2ಎಚ್‌ನಲ್ಲಿ ಅದು ಕೈಯಲ್ಲಿ ತಿರುಗಬೇಕು, 4ಎಚ್‌ನಲ್ಲಿ ಗೆರೆ ಅಲುಗಬಾರದು. ಓಡಿಸಿ ನೋಡುವುದಿದ್ದರೆ ಕೆಂಪು ಮಣ್ಣಿನ ತೋಟದ ದಾರಿಯಲ್ಲಿ, ಹೆದ್ದಾರಿ 66ರಲ್ಲಿ ಅಲ್ಲ. 4ಎಲ್ ಅನ್ನು ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ, ಐದಾರು ಸಲ ಹಾಕಿ ತೆಗೆದು ನೋಡಿ. ಕೊನೆಗೆ ಸ್ಕ್ಯಾನರಿನಲ್ಲಿ ಕೋಡ್ ಉಳಿದಿಲ್ಲವೆಂದು ಕಣ್ಣಾರೆ ಕಾಣಿ. ಕಳಚಿದ ಹಳೆಯ ಮಾಡ್ಯೂಲನ್ನು ಕೇಳಿ ಪಡೆಯಿರಿ. ರಿಲೇ ಮಾತ್ರ ಸುಟ್ಟದ್ದಾದರೆ ರಿಪೇರಿ ಮಾಡಿಸಿ ಸ್ಪೇರ್ ಆಗಿ ಇಟ್ಟುಕೊಳ್ಳಬಹುದು.