ಕಣ್ಣಿನ ಕೆಳಗಿನ ಕಪ್ಪು: ಸೌತೆಕಾಯಿ, ಸೀರಮ್, ಸನ್‌ಸ್ಕ್ರೀನ್

"ರಾತ್ರಿ ನಿದ್ದೆ ಮಾಡಲ್ವಾ?" ಅಂತ ಕೇಳಿಸಿಕೊಂಡು ಸಾಕಾಗಿತ್ತು. ಎಂಟು ಗಂಟೆ ಮಲಗಿ ಎದ್ದರೂ ಕಣ್ಣಿನ ಕೆಳಗೆ ಅದೇ ಕಪ್ಪು. ಅಮ್ಮನಿಗೂ ಇದೆ, ಅಜ್ಜಿಗೂ ಇತ್ತು. ಆದರೂ ಒಂದು ಕೈ ನೋಡೋಣ ಅನ್ನಿಸಿತು.

ಮೊದಲು ಸೌತೆಕಾಯಿ. ಫ್ರಿಜ್ಜಿನಲ್ಲಿಟ್ಟ ಬಿಲ್ಲೆ, ಬೆಳಿಗ್ಗೆ ಹತ್ತು ನಿಮಿಷ. ಊತ ಇಳಿಯಿತು, ಕಪ್ಪು ಇಳಿಯಲಿಲ್ಲ. ಒಂದು ದಿನ ಸೌತೆಕಾಯಿ ಇರಲಿಲ್ಲ. ಫ್ರಿಜ್ಜಿನಲ್ಲಿ ತಣ್ಣಗಾದ ಸ್ಟೀಲ್ ಚಮಚ ಇಟ್ಟುಕೊಂಡೆ. ಅಷ್ಟೇ ಕೆಲಸ ಮಾಡಿತು! ತಂಪಿಗೆ ರಕ್ತನಾಳ ಕುಗ್ಗುತ್ತದೆ, ಅದರಲ್ಲಿ ತರಕಾರಿಯ ಮಹಿಮೆ ಏನಿಲ್ಲ. ಮಾರನೇ ದಿನದಿಂದ ಸೌತೆಕಾಯಿ ಕೋಸಂಬರಿಗೆ ಹೋಯಿತು.

ಕೆಫೀನ್ ಸೀರಮ್ ಎರಡು ತಿಂಗಳು ಹಚ್ಚಿದೆ. ಹಚ್ಚಿದ ದಿನ ಮುಖ ಸ್ವಲ್ಪ ಗೆಲುವಾಗಿ ಕಾಣುತ್ತದೆ, ಬಿಟ್ಟರೆ ಮತ್ತೆ ಅದೇ ಕಥೆ. ಚಮಚಕ್ಕೆ ದುಡ್ಡು ಬೇಡ, ಇದಕ್ಕೆ ಬೇಕು. ಮಧ್ಯೆ ಯಾರೋ ಹೇಳಿದರು ಅಂತ ನಿಂಬೆರಸವನ್ನೂ ಹಚ್ಚಿದೆ. ಉರಿದು, ಕೆಂಪಾಗಿ, ಆಮೇಲೆ ಇನ್ನೂ ಕಪ್ಪಾಯಿತು. ಅದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಕಿಟಕಿ ಬೆಳಕಿಗೆ ಕೂರಿಸಿ, ಕಣ್ಣಿನ ಕೆಳಗಿನ ಚರ್ಮವನ್ನು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿದರು. ಎಳೆದಾಗ ನೀಲಿ ಎದ್ದು ಕಂಡರೆ ಅದು ತೆಳು ಚರ್ಮದ ಕೆಳಗಿನ ರಕ್ತನಾಳ. ಕಂದು ಬಣ್ಣ ಚರ್ಮದ ಜೊತೆಗೇ ಸರಿದರೆ ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಅಂಶ. ಎದುರಿನಿಂದ ಬೆಳಕು ಬಿದ್ದಾಗ ಮಾಯವಾದರೆ ಬರೀ ಗುಳಿಯ ನೆರಳು. ನನ್ನದು ಕಂದು. "ಕಣ್ಣು ಉಜ್ಜುತ್ತೀರಾ?" ಅಂದರು. ಧೂಳಿನ ಅಲರ್ಜಿ, ದಿನಾ ಸ್ಕೂಟರು. ಉಜ್ಜದೆ ಇರೋದು ಯಾವಾಗ! ರಾತ್ರಿ ಕಾಡಿಗೆ ತೆಗೆಯುವಾಗಲೂ ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದೆ.

ಅಲರ್ಜಿಗೆ ಡ್ರಾಪ್ಸ್ ಕೊಟ್ಟರು, ಸನ್‌ಸ್ಕ್ರೀನ್ ಹಚ್ಚಿ ಅಂದರು. ಕಾಡಿಗೆಯನ್ನು ಈಗ ಹತ್ತಿಯಲ್ಲಿ ಎಣ್ಣೆ ಅದ್ದಿ ಮೆತ್ತಗೆ ಒರೆಸುತ್ತೇನೆ. ಮೊದಲ ತಿಂಗಳು ಏನೂ ಕಾಣಲಿಲ್ಲ, ಸುಮ್ನೆ ಹಚ್ಚುತ್ತಾ ಹೋದೆ. ನಾಲ್ಕು ತಿಂಗಳಿಗೆ ಅರ್ಧದಷ್ಟು ತಿಳಿಯಾಗಿದೆ. ಪೂರ್ತಿ ಹೋಗಲ್ಲ, ಅಜ್ಜಿಯ ಆಸ್ತಿ ಅಲ್ವಾ. ಸೀರಮ್ ಈಗ ಮದುವೆ ಮನೆಗೆ ಹೋಗುವ ದಿನಕ್ಕೆ ಮಾತ್ರ.

ಇದನ್ನೆಲ್ಲ ನೋಡಿ ತಂಗಿಯೂ ನನ್ನ ಸನ್‌ಸ್ಕ್ರೀನನ್ನೇ ಹಚ್ಚಿದಳು. ಒಂದು ಚೂರೂ ಬದಲಾಗಲಿಲ್ಲ. ಅವಳದು ಗುಳಿಯ ನೆರಳು, ಯಾವ ಕ್ರೀಮೂ ಅದನ್ನು ತುಂಬಲ್ಲ. ಗುಳಿ ತುಂಬುವ ಫಿಲ್ಲರ್ ಇಂಜೆಕ್ಷನ್ ರೇಟು ಕೇಳಿಕೊಂಡು ಬಂದು, ಈಗ ಕಪ್ಪು ಮುಚ್ಚುವ ಕನ್ಸೀಲರ್ ಹಚ್ಚಿಕೊಂಡು ಓಡಾಡುತ್ತಿದ್ದಾಳೆ.