ಫೈಬರ್ ದೋಣಿಗೆ ಬ್ಯುಟೈಲ್ ಟೇಪ್: ಒಂದು ಮಳೆಗಾಲ ಕಳೆದ ಮೇಲೆ

ಬ್ಯುಟೈಲ್ ಟೇಪ್ ಅಂದರೆ ಬೋಲ್ಟಿನ ಸುತ್ತ ನೀರು ಇಳಿಯದಂತೆ ಹಾಕುವ, ಮೆತ್ತಗಿನ ರಬ್ಬರಿನ ಅಂಟುಪಟ್ಟಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಕೊನೆಗೆ ಹೇಳುತ್ತೇನೆ.

ನನ್ನದು 20 ಅಡಿಯ ಹಳೇ ಫೈಬರ್ ದೋಣಿ, ಸೆಕೆಂಡ್ ಹ್ಯಾಂಡ್. ಕೋಡಿಬೆಂಗ್ರೆಯಲ್ಲಿ, ಸುವರ್ಣಾ ನದಿ ಸಮುದ್ರ ಸೇರುವಲ್ಲಿ ಕಟ್ಟಿ ಹಾಕುತ್ತೇನೆ. ಗಾಳ ಹಾಕಲಿಕ್ಕೆ, ಬಂದ ನೆಂಟರನ್ನು ಸುತ್ತಿಸಲಿಕ್ಕೆ ಅದು. ಕಳೆದ ಏಪ್ರಿಲ್‌ನಲ್ಲಿ ಇಳಿತದ ಹೊತ್ತಿಗೆ ಹಗ್ಗ ಎಳೆದೆ. ಹಗ್ಗ ಕಟ್ಟುವ ಮುಂದಿನ ಕೊಕ್ಕೆ, ಅಂದರೆ ಕ್ಲೀಟ್, ಬೋಲ್ಟ್ ಸಮೇತ ಕಿತ್ತು ಕೈಗೇ ಬಂತು! ದೋಣಿ ಅಳಿವೆ ಕಡೆ ಹೊರಟಿತ್ತು. ಪಕ್ಕದ ದೋಣಿಯವರು ಹಿಡಿದರು, ಬಚಾವ್.

ಬೋಲ್ಟಿನ ತಲೆ ಫಳಫಳ ಹೊಳೆಯುತ್ತಿತ್ತು. ನಡುವೆ ಮಾತ್ರ ಪೆನ್ಸಿಲ್ ಮೊನೆಯಷ್ಟು ಸಣ್ಣ, ಬಣ್ಣ ಕಂದು. ಮಲ್ಪೆಯ ಫೈಬರ್ ಕೆಲಸದವರಿಗೆ ತೋರಿಸಿದೆ. "ಸ್ಟೀಲ್ ಅಂತ ನಂಬಿ ಕೂತದ್ದಾ ಮಾರಾಯ್ರೆ? ಅದಕ್ಕೂ ಗಾಳಿ ಬೇಕು" ಅಂದರು. ಮಾತು ಸರಿಯೇ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೇಲಿನ ತೆಳು ಆಕ್ಸೈಡ್ ಪೊರೆ. ಆ ಪೊರೆ ಉಳಿಯಲು ಆಮ್ಲಜನಕ ಬೇಕು. ನನ್ನ ಡೆಕ್ಕಿನಲ್ಲಿ ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇದೆ. ಹಿಂದಿನವರು ಬಳಿದ ಸಿಲಿಕೋನ್ ಬಿಟ್ಟುಕೊಂಡಿತ್ತು. ಉಪ್ಪುನೀರು ಇಳಿದು ಪ್ಲೈವುಡ್ ನೆಂದು, ಬೋಲ್ಟು ವರ್ಷಗಟ್ಟಲೆ ಗಾಳಿಯಿಲ್ಲದ ಒದ್ದೆಯಲ್ಲಿ ಕೂತಿತ್ತು. ಉಳಿದ ಹನ್ನೊಂದು ಬೋಲ್ಟು ಬಿಚ್ಚಿದೆ. ಏಳು ಅದೇ ತರಹ ನಡುವೆ ಸವೆದಿದ್ದವು.

ಆಗ ತರಿಸಿದ್ದು ಈ ಟೇಪ್. ಮೊದಲು ತಪ್ಪಾಯಿತು ಅನ್ನಿ. ಆನ್‌ಲೈನ್‌ನಲ್ಲಿ ಬ್ಯುಟೈಲ್ ಅಂತ ಹುಡುಕಿದರೆ ತಾರಸಿ ಸೋರಿಕೆಗೆ ಅಂಟಿಸುವ, ಬೆಳ್ಳಿ ಹಾಳೆಯದ್ದೇ ಜಾಸ್ತಿ ಬರುತ್ತದೆ. ಅದು ಇದಕ್ಕೆ ಆಗುವುದಿಲ್ಲ. ಎರಡೂ ಕಡೆ ಅಂಟುವ, ಹಾಳೆಯಿಲ್ಲದ, ಚ್ಯೂಯಿಂಗ್ ಗಮ್ ತರಹದ್ದು ಬೇಕು. ನಾನು ತಂದದ್ದು 20 ಮಿ.ಮೀ. ಅಗಲ, 2 ಮಿ.ಮೀ. ದಪ್ಪ.

ಟೇಪ್ ಎಷ್ಟೇ ಒಳ್ಳೆಯದಿರಲಿ, ಕೊಳೆತ ತೂತಿಗೆ ಸುಮ್ನೆ ಸುತ್ತಿದರೆ ದುಡ್ಡು ದಂಡ. 8 ಮಿ.ಮೀ. ತೂತನ್ನು 14ಕ್ಕೆ ಕೊರೆದೆ. ಒದ್ದೆ ಪ್ಲೈವುಡ್ ಕೆರೆದು ತೆಗೆದು, ನಾಲ್ಕು ದಿನ ಟೇಬಲ್ ಫ್ಯಾನ್ ಹಾಕಿ ಒಣಗಿಸಿದೆ. ಆಮೇಲೆ ಗಟ್ಟಿ ಕಲಸಿದ ಎಪಾಕ್ಸಿ ಅಂಟು ತುಂಬಿ, ಅದು ಕಲ್ಲಾದ ಮೇಲೆ ಮತ್ತೆ 8ರ ತೂತು. ಈಗ ನೀರು ಇಳಿದರೂ ಪ್ಲೈವುಡ್‌ಗೆ ತಾಗುವುದಿಲ್ಲ. ಈ ಕೆಲಸ ಮೇ ತಿಂಗಳಲ್ಲೇ ಮುಗಿಸಿ. ಜೂನ್ ಬಂದರೆ ನಮ್ಮ ಊರಲ್ಲಿ ಯಾವುದು ಒಣಗುತ್ತದೆ ಹೇಳಿ?

ಹೊಸ ಬೋಲ್ಟು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು. ಅದರಲ್ಲಿ ಶೇಕಡಾ 2–3ರಷ್ಟು ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪಿಗೆ ಮಾಮೂಲಿ 304 ದರ್ಜೆಗಿಂತ ಹೆಚ್ಚು ತಡೆಯುತ್ತದೆ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ತೋರಿಸಿದರೆ ನಂಬಬೇಡಿ, ಅದರಿಂದ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೋಲ್ಟಿನ ತಲೆ ಮೇಲೆ ಎ4 ಅಂತ ಒತ್ತಿದೆಯಾ ನೋಡಿ. ಎ4 ಅಂದರೆ 316ರ ಜಾತಿ, ಎ2 ಇದ್ದರೆ ಅದು 304ರ ಜಾತಿ. ಡೆಕ್ಕಿನ ಅಡಿಗೆ ಚಿಲ್ಲರೆ ವಾಷರ್ ಬದಲು 5 ಮಿ.ಮೀ. ಸ್ಟೀಲ್ ಪ್ಲೇಟ್ ಕೊಟ್ಟೆ.

ಇನ್ನು ಟೇಪಿನ ವಿಷಯ. ತೂತಿನ ಮೇಲಂಚನ್ನು ಸ್ವಲ್ಪ ಇಳಿಜಾರು ಮಾಡಿಕೊಳ್ಳಿ, ಟೇಪ್ ಅಲ್ಲಿ ಉಂಗುರದ ಹಾಗೆ ಕೂರುತ್ತದೆ. ಬೋಲ್ಟಿನ ಕುತ್ತಿಗೆಗೆ ಒಂದು ಸುತ್ತು, ಕ್ಲೀಟಿನ ಅಡಿಗೆ ಒಂದು ತುಂಡು. ಬಿಗಿಯುವಾಗ ಮೇಲೆ ಬೋಲ್ಟನ್ನು ಅಲ್ಲಾಡದಂತೆ ಹಿಡಿದು ಕೆಳಗೆ ನಟ್ ಮಾತ್ರ ತಿರುಗಿಸಬೇಕು. ಮೇಲೆ ಹಿಡಿದುಕೊಳ್ಳಲು ನನ್ನ ತಮ್ಮನನ್ನು ಕೂರಿಸಿದ್ದೆ. ಒಂದೇ ಸಲ ಬಿಗಿಯಬೇಡಿ. ಒಂದು ವಾರ ದಿನಾ ಕಾಲು ಸುತ್ತು ಸಾಕು. ಬಿಸಿಲಿಗೆ ಟೇಪ್ ಮೆತ್ತಗಾಗಿ ಪಕ್ಕದಿಂದ ಹೊರಗೆ ಬರುತ್ತಿರುತ್ತದೆ, ಅದನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದರಾಯಿತು. ಕೈಗೆ ಅಂಟಿದ್ದು ಸೋಪಿಗೆ ಹೋಗಲಿಲ್ಲ, ಸೀಮೆಎಣ್ಣೆಗೆ ಹೋಯಿತು.

ಇಡೀ ಮಳೆಗಾಲ ದೋಣಿಯನ್ನು ದಡಕ್ಕೆ ಎಳೆದು, ಮುಚ್ಚದೆ ಇಟ್ಟಿದ್ದೆ. ಹನ್ನೆರಡರಲ್ಲಿ ಹನ್ನೊಂದು ಬೋಲ್ಟಿನ ಅಡಿಯಲ್ಲಿ ಒಂದು ಹನಿ ಇಲ್ಲ. ಸಿಲಿಕೋನ್ ಗಡಸಾಗಿ ಬಿಟ್ಟುಕೊಂಡಿತ್ತು, ಇದು ಇನ್ನೂ ಮೆದುವಾಗೇ ಇದೆ. ಆದರೆ ಇದು ಗೋಂದಲ್ಲ. ಹಿಡಿದಿಡುವುದು ಬೋಲ್ಟೇ. ನೀರಿನ ಮಟ್ಟದ ಕೆಳಗೂ ಹಾಕಬೇಡಿ.

ಹನ್ನೆರಡನೆಯದು ಪೆಟ್ರೋಲ್ ಟ್ಯಾಂಕಿನ ಪಕ್ಕದ್ದು. ತುಂಬುವಾಗ ಚೆಲ್ಲಿದ ಪೆಟ್ರೋಲ್ ತಾಗಿ ಟೇಪ್ ಅಂಬಲಿಯಾಗಿದೆ. ಸೀಮೆಎಣ್ಣೆಗೆ ಕರಗುವುದು ಪೆಟ್ರೋಲಿಗೆ ಕರಗದೆ ಇರುತ್ತದಾ? ಮೊದಲೇ ಹೊಳೆಯಬೇಕಿತ್ತು. ಆ ಒಂದು ಜಾಗಕ್ಕೆ ಪೆಟ್ರೋಲ್ ತಡೆಯುವ ಪಾಲಿಸಲ್ಫೈಡ್ ಸೀಲಂಟ್ ತರಿಸಿದ್ದೇನೆ, ಭಾನುವಾರ ಹಾಕಬೇಕು.