110 ರೂಪಾಯಿಯ ತೋರ್ತು ಮತ್ತು ಮಗನ ಕತ್ತಿನ ಬೆವರುಸಾಲೆ

ಏಪ್ರಿಲ್ ಎರಡನೆಯ ವಾರದಲ್ಲಿ ಕೊಂಡ ಆರು ತೋರ್ತುಗಳನ್ನು ಮಳೆಗಾಲ ಮುಗಿಯುತ್ತ ಬಂದ ಈ ಹೊತ್ತಿಗೂ ಬಳಸುತ್ತಿದ್ದೇನೆ. ಬೇಸಿಗೆಯ ಬೆವರು, ಜಡಿಮಳೆಯ ಆಟಿ ತಿಂಗಳ ತೇವ ಎರಡನ್ನೂ ಅವು ಹೇಗೆ ತಾಳುತ್ತವೆ ಎಂದು ನೋಡಿದ ಮೇಲೆಯೇ ಬರೆಯಬೇಕೆಂದು ಕಾದಿದ್ದೆ. ತೋರ್ತು ಎಂದರೆ ನಾವು ಬೈರಾಸು ಎನ್ನುವ, ತೆಳ್ಳಗಿನ ಹತ್ತಿಯ ಮೈ ಒರೆಸುವ ಬಟ್ಟೆ. ಅದಕ್ಕೂ ವಿಮರ್ಶೆ ಬೇಕೇ ಎಂದು ಯಾರಾದರೂ ಕೇಳಬಹುದು. ಮಗುವಿನ ಚರ್ಮಕ್ಕಾಗಿ ಕಳೆದ ಬೇಸಿಗೆಯಲ್ಲಿ ನಾನು ಕೊಂಡ ಏಳೆಂಟು ವಸ್ತುಗಳಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಎರಡೇ, ಅವುಗಳಲ್ಲಿ ಇದು ಮೊದಲನೆಯದು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಇದೆ. ತೋಟದ ಮನೆ ತಂಪು ಎಂದು ಹೊರಗಿನಿಂದ ಬಂದವರು ಹೇಳುತ್ತಾರೆ. ಏಪ್ರಿಲ್ ತಿಂಗಳಲ್ಲಿ ಸ್ಪ್ರಿಂಕ್ಲರ್ ಬಿಟ್ಟ ತೋಟದ ಗಾಳಿ ಒಳಗೆ ಬಂದರೆ ಇಡ್ಲಿ ಅಟ್ಟದ ಮುಚ್ಚಳ ತೆಗೆದ ಹಾಗಿರುತ್ತದೆ. ಬೆವರು ಬರುತ್ತದೆ, ಆರುವುದಿಲ್ಲ. ಆರದ ಬೆವರಿನಿಂದ ಮೈ ತಂಪಾಗುವುದೂ ಇಲ್ಲ, ಮತ್ತೆ ಬೆವರುತ್ತದೆ. ಮಗನಿಗೆ ಆಗ ಒಂಬತ್ತು ತಿಂಗಳು. ಗುಂಡಗಿನ ಮಗು, ಕತ್ತಿನಲ್ಲಿ ಮೂರು ಮಡಿಕೆ. ಗದ್ದವನ್ನು ಬೆರಳಿನಿಂದ ಮೆಲ್ಲಗೆ ಎತ್ತಿದರೆ ಒಳಗಿನ ಗೆರೆಯಲ್ಲಿ ಹಾಲು, ಪೌಡರ್, ಬೆವರು ಮೂರೂ ಕಲೆತು ಬಿಳಿ ದಾರದಂತೆ ಅಂಟಿಕೊಂಡಿರುತ್ತಿತ್ತು. ಅದರ ಎರಡೂ ಬದಿಗೆ ಸಾಸಿವೆಗಿಂತ ಚಿಕ್ಕ ಕೆಂಪು ಗುಳ್ಳೆಗಳು. ಬೆನ್ನಿನಲ್ಲಿ, ರಬ್ಬರ್ ಶೀಟ್ ತಾಗುವ ಜಾಗದಲ್ಲಿ, ಇನ್ನೂ ದಟ್ಟವಾಗಿ. ರಾತ್ರಿ ಎರಡು ಗಂಟೆಗೆ ಎದ್ದು ಅಳುತ್ತಿದ್ದ.

ಮೊದಲು ಪೌಡರ್ ಹೆಚ್ಚು ಹಾಕಿದೆವು. ಆಮೇಲೆ ಪೇಟೆಯ ಒಂದು ಔಷಧದಂಗಡಿಯಲ್ಲಿ ಕೇಳಿದಾಗ, ವೈದ್ಯರ ಚೀಟಿ ಇಲ್ಲದೆಯೇ ಒಂದು ಟ್ಯೂಬ್ ಕೊಟ್ಟರು. ಎರಡು ದಿನದಲ್ಲಿ ಕೆಂಪು ಇಳಿಯಿತು. ಐದನೆಯ ದಿನ ಹಚ್ಚುವುದನ್ನು ನಿಲ್ಲಿಸಿದಾಗ ಇಮ್ಮಡಿಯಾಗಿ ಮರಳಿತು. ಕಾಸರಗೋಡಿನ ಮಕ್ಕಳ ವೈದ್ಯರು ಆ ಟ್ಯೂಬಿನ ಹಿಂಬದಿಯನ್ನು ನನ್ನಿಂದಲೇ ಓದಿಸಿದರು: ಕ್ಲೊಬೆಟಸಾಲ್, ಜೊತೆಗೆ ಒಂದು ಬೂಸ್ಟುನಾಶಕ, ಒಂದು ಆ್ಯಂಟಿಬಯಾಟಿಕ್. ಮೊದಲನೆಯದು ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡುಗಳಲ್ಲಿ ಅತಿ ಪ್ರಬಲವಾದ ಗುಂಪಿಗೆ ಸೇರಿದ್ದು. ಮಗುವಿನ ಚರ್ಮ ಮೊದಲೇ ತೆಳು. ಕತ್ತು, ತೊಡೆಸಂದಿಯ ಮಡಿಕೆಗಳಲ್ಲಂತೂ ಅದು ಔಷಧವನ್ನು ಇನ್ನೂ ಹೆಚ್ಚು ಹೀರಿಕೊಳ್ಳುತ್ತದೆ, ಹೀರಿ ಮತ್ತಷ್ಟು ತೆಳ್ಳಗಾಗುತ್ತದೆ. ಕೈಗೂಸಿಗೆ ಇಂಥದ್ದನ್ನು ಚೀಟಿ ಇಲ್ಲದೆ ಕೊಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಓದುವ ತಾಯಂದಿರಲ್ಲಿ ಬೇಡಿಕೊಳ್ಳುತ್ತೇನೆ, ಟ್ಯೂಬಿನ ಹಿಂಬದಿ ಓದದೆ ಹಚ್ಚಬೇಡಿ.

ವೈದ್ಯರು ಹೇಳಿದ್ದು ಸರಳ. ಬೆವರಿನ ಸಣ್ಣ ನಾಳಗಳ ಬಾಯಿ ಕಟ್ಟಿಕೊಂಡಾಗ ಬೆವರು ಚರ್ಮದೊಳಗೇ ಸಿಕ್ಕಿ ಗುಳ್ಳೆಯಾಗುತ್ತದೆ. ಎಳೆಯ ಮಕ್ಕಳಲ್ಲಿ ಆ ನಾಳಗಳು ಪೂರ್ತಿ ಬಲಿತಿರುವುದಿಲ್ಲ, ಬೇಗ ಕಟ್ಟುತ್ತವೆ. ಪೌಡರ್ ಬೇಡ, ಅದರ ಧೂಳು ಮಗುವಿನ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಎಣ್ಣೆ ಹಚ್ಚಿ ಹಾಗೆಯೇ ಬಿಡುವುದು ಬೇಡ. ತುರಿಕೆ ಇದ್ದಲ್ಲಿ ಕ್ಯಾಲಮೈನ್ ಲೋಷನ್. ಕೀವು ಕಂಡರೆ, ಜ್ವರ ಬಂದರೆ ಕಾಯದೆ ಕರೆತರಬೇಕು. ಕೊನೆಗೆ, ಏಳಲು ಹೊರಟವಳನ್ನು ಕೂರಿಸಿ, "ಮಗುವನ್ನು ಯಾವುದರಿಂದ ಒರೆಸುತ್ತೀರಿ?" ಎಂದು ಕೇಳಿದರು. ದಪ್ಪನೆಯ ಟರ್ಕಿ ಟವೆಲ್ ಎಂದೆ. "ಒರೆಸುತ್ತೀರೋ, ಉಜ್ಜುತ್ತೀರೋ?" ಎಂದರು. ಉತ್ತರ ಹೇಳಲು ನನಗೆ ಒಂದು ನಿಮಿಷ ಬೇಕಾಯಿತು.

ಅಲ್ಲಿಂದ ನೇರವಾಗಿ ಹೋದದ್ದು ಹಳೆ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಕೈಮಗ್ಗದ ಬಟ್ಟೆಯಂಗಡಿಗೆ. ನನ್ನ ಮದುವೆಗೆ ಶಾಲಿಯ ನೇಕಾರರು ನೇಯ್ದ ಕಾಸರಗೋಡು ಸೀರೆಯನ್ನು ಅಮ್ಮ ಅಲ್ಲಿಯೇ ಕೊಂಡಿದ್ದರು. ಇಕ್ಕಟ್ಟಾದ ಅಂಗಡಿ. ಫ್ಯಾನಿನ ಗಾಳಿ ಗಿರಾಕಿಗಳಿಗೆ ತಾಗುವುದಿಲ್ಲ, ಮಗುವನ್ನು ಎತ್ತಿಕೊಂಡು ಹೋದವರಿಗೆ ಕೂರಲು ಒಂದು ಸ್ಟೂಲೂ ಇಲ್ಲ. ಆದರೆ ಕೌಂಟರಿನಲ್ಲಿದ್ದ ಐವತ್ತು ದಾಟಿದ ಹೆಂಗಸಿಗೆ ಬಟ್ಟೆಯ ಸಂಗತಿ ಚೆನ್ನಾಗಿ ಗೊತ್ತು. ಮಗನ ಕತ್ತು ನೋಡಿದವರೇ, ನಾನು ಕೈ ಹಾಕಿದ್ದ ಕಸೂತಿ ಅಂಚಿನ ದುಬಾರಿ ಟವೆಲನ್ನು ಪಕ್ಕಕ್ಕೆ ಸರಿಸಿ, "ಇದು ಬೇಡ ಮೋಳೇ, ಈರಿಳ ತೋರ್ತು ತೆಗೆದುಕೋ" ಎಂದರು. ಮಲಯಾಳದ ಮೋಳೇ ನಮ್ಮ ಮಗಳೇ, ಇಳ ನಮ್ಮ ಎಳೆ. ಈರಿಳ ಎಂದರೆ ಎರಡೆಳೆ ಜೋಡಿಸಿ ನೇಯ್ದದ್ದು. ಅವರು ಒಂದನ್ನು ಬಾಗಿಲ ಬೆಳಕಿಗೆ ಹಿಡಿದು ತೋರಿಸಿದರು. ಎಳೆಗಳ ನಡುವೆ ಸಣ್ಣ ಸಣ್ಣ ಚೌಕಗಳಲ್ಲಿ ರಸ್ತೆಯ ಬಿಸಿಲು ಕಾಣುತ್ತಿತ್ತು. ಒಂದಕ್ಕೆ 110 ರೂಪಾಯಿ. ಮಾರಾಟ ಹೆಚ್ಚಲಿ ಎಂದು ಆಸೆಪಡದೆ, ಬೆಲೆ ಕಡಿಮೆಯದನ್ನು ಕೈಗಿಟ್ಟ ಆ ಹೆಂಗಸಿನ ಮೇಲೆ ನನಗೆ ತುಂಬ ಗೌರವ.

ಹೊಸ ತೋರ್ತನ್ನು ತಂದ ದಿನವೇ ಬಳಸಬೇಡಿ. ಗಂಜಿ ಹಾಕಿರುವುದರಿಂದ ಗಡುಸಾಗಿರುತ್ತದೆ, ನೀರನ್ನು ಹೀರುವುದೇ ಇಲ್ಲ, ಮೈಮೇಲೆ ಜಾರಿಸುತ್ತದೆ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ ನಾಲ್ಕು ಸಲ ಒಗೆದ ಮೇಲೆ ಅದರ ಗುಣ ತಿಳಿಯಿತು. ಕತ್ತಿನ ಮಡಿಕೆಗೆ ಅದರ ಒಂದು ಮೂಲೆಯನ್ನು ಬೆರಳಿಗೆ ಸುತ್ತಿ ಒತ್ತಿದರೆ ಸಾಕು, ಗೆರೆಯೊಳಗಿನ ತೇವವೆಲ್ಲ ಬಟ್ಟೆಗೆ ಬರುತ್ತದೆ. ಟರ್ಕಿ ಟವೆಲಿನ ದಪ್ಪಕ್ಕೆ ಆ ಮಡಿಕೆಯೊಳಗೆ ಹೋಗಲು ಜಾಗವೇ ಇರಲಿಲ್ಲ; ಮೇಲೆ ಮೇಲೆ ಒರೆಸಿ, ಒಳಗೆ ಒದ್ದೆ ಬಿಟ್ಟು, ಅದರ ಮೇಲೆ ಪೌಡರ್ ಸುರಿಯುತ್ತಿದ್ದೆವು. ಈಗ ಹಗಲು ಎರಡು ಗಂಟೆಗೊಮ್ಮೆ ಒದ್ದೆ ತೋರ್ತಿನಿಂದ ಒತ್ತಿ, ಒಣ ತೋರ್ತಿನಿಂದ ಮತ್ತೆ ಒತ್ತುತ್ತೇನೆ. ರಬ್ಬರ್ ಶೀಟಿನ ಮೇಲೆ ಒಂದನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತೇನೆ, ಒದ್ದೆಯಾದ ಕೂಡಲೇ ಬದಲಿಸುತ್ತೇನೆ. ಒಂದು ವಾರದಲ್ಲಿ ಕತ್ತಿನದು ಮಾಸಿತು, ಬೆನ್ನಿನದಕ್ಕೆ ಇನ್ನೂ ನಾಲ್ಕು ದಿನ ಬೇಕಾಯಿತು. ಎಲ್ಲವೂ ತೋರ್ತಿನಿಂದಲೇ ಆಯಿತು ಎನ್ನುವುದಿಲ್ಲ. ಕ್ಯಾಲಮೈನ್ ಇತ್ತು, ಪೌಡರ್ ನಿಂತಿತ್ತು, ಹಂಡೆಯ ಸುಡುನೀರಿನ ಸ್ನಾನವೂ ನಿಂತಿತ್ತು.

ಸುಡುನೀರು ನಿಲ್ಲಿಸುವುದು ಸುಲಭವಾಗಲಿಲ್ಲ. ಅಡಿಕೆ ಸಿಪ್ಪೆಯ ಬೆಂಕಿಯಲ್ಲಿ ಕಾದ ನೀರು, ಮೈತುಂಬ ತೆಂಗಿನೆಣ್ಣೆ, ಇವೆರಡರಿಂದಲೇ ಅತ್ತೆ ನಾಲ್ಕು ಮಕ್ಕಳನ್ನು ಬೆಳೆಸಿದವರು. ಅವರ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುವಾಗ ಮಗು ನಗುತ್ತದೆ, ಅದನ್ನು ತಪ್ಪಿಸಲು ನನಗೂ ಮನಸ್ಸಿಲ್ಲ. ಸೆಕೆಯ ತಿಂಗಳಲ್ಲಿ ಎಣ್ಣೆ ಸ್ನಾನಕ್ಕೆ ಮೊದಲು ಮಾತ್ರ, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ತೊಳೆಯುವುದು ಎಂದು ಇಬ್ಬರೂ ಒಪ್ಪಿದೆವು. ಈಗ ತೋರ್ತು ಒಗೆದು ಹಾಕುವವರೂ ಅತ್ತೆಯೇ.

ಮಳೆಗಾಲದಲ್ಲಿ ಇದರ ಬೆಲೆ ಇನ್ನಷ್ಟು ತಿಳಿಯಿತು. ಜುಲೈ ತಿಂಗಳಲ್ಲಿ ಟರ್ಕಿ ಟವೆಲ್ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಬರುತ್ತಿತ್ತು. ತೋರ್ತು ಚಾವಡಿಯ ಹಗ್ಗದಲ್ಲಿ, ಫ್ಯಾನಿನ ಕೆಳಗೆ, ಬೆಳಿಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಒಣಗುತ್ತದೆ. ಅರೆಒಣಗಿದ ಬಟ್ಟೆ ತಾಗದಿದ್ದರೆ ತೊಡೆಸಂದಿಯಲ್ಲಿ ಬೂಸ್ಟಿನ ಕಾಟವೂ ಕಡಿಮೆ. ಬಟ್ಟೆ ಮೃದುಗೊಳಿಸುವ ದ್ರಾವಣವನ್ನು ಮಾತ್ರ ಹಾಕಬೇಡಿ, ಅದು ಎಳೆಗಳ ಮೇಲೆ ಪದರವಾಗಿ ಕೂತು ಹೀರುವ ಗುಣವನ್ನೇ ಕೆಡಿಸುತ್ತದೆ.

ದೋಷಗಳಿವೆ. ಆರರಲ್ಲಿ ಒಂದರ ಕೆಂಪು ಅಂಚು ಮೂರು ಒಗೆತದವರೆಗೂ ಬಣ್ಣ ಬಿಟ್ಟಿತು, ಮಗನ ಬಿಳಿ ಜುಬ್ಬ ಹಾಳಾಯಿತು. ಅದಕ್ಕಿಂತ ದೊಡ್ಡದು ತುದಿಯ ದಶಿ. ತೋರ್ತಿನ ಎರಡೂ ತುದಿಗಳನ್ನು ಹೊಲಿದಿರುವುದಿಲ್ಲ, ಎಳೆಗಳು ಜೋತಾಡುತ್ತವೆ. ಮೇ ತಿಂಗಳ ಒಂದು ಸಂಜೆ ಮಗ ಸುಮ್ಮನಾಗದೆ ಅಳುತ್ತಿದ್ದ. ಹೊಟ್ಟೆನೋವೆಂದು ಎಲ್ಲರೂ ತಿಳಿದೆವು. ಕಾಲುಚೀಲ ತೆಗೆದಾಗ ಎಡಗಾಲಿನ ಎರಡನೆಯ ಬೆರಳಿಗೆ ಒಂದು ಎಳೆ ನಾಲ್ಕು ಸುತ್ತು ಬಿಗಿದಿತ್ತು. ಬೆರಳ ತುದಿ ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಉಗುರು ಕತ್ತರಿಯ ತುದಿಯಿಂದ ಎಳೆಯನ್ನು ತುಂಡರಿಸುವವರೆಗೆ ನನ್ನ ಕೈ ನಡುಗುತ್ತಿತ್ತು. ಹೀಗೆ ಬಿಗಿದ ದಾರ ಅಥವಾ ಕೂದಲು ರಕ್ತದ ಓಟವನ್ನೇ ನಿಲ್ಲಿಸಬಲ್ಲದು. ಬಿಡಿಸಲು ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅದೇ ರಾತ್ರಿ ಆರೂ ತೋರ್ತುಗಳ ತುದಿ ಮಡಚಿ ಹೊಲಿದೆ. ಮಗುವಿಗೆಂದು ಕೊಳ್ಳುವವರು ಬಳಸುವ ಮೊದಲೇ ಹೊಲಿಯಿರಿ, ಇಲ್ಲವೇ ಅಂಗಡಿಯ ಪಕ್ಕದ ದರ್ಜಿಯ ಕೈಗೆ ಕೊಟ್ಟುಬಿಡಿ.

ಕೊಳ್ಳುವಾಗ ಚಿಕ್ಕ ಅಳತೆಯದನ್ನು ಕೇಳಿ. ದೊಡ್ಡದು ಮಗುವಿಗೆ ಸುತ್ತಲು ಚೆಂದ, ಮಡಿಕೆ ಒರೆಸಲು ಭಾರ. ಐದು ತಿಂಗಳ ಒಗೆತದಲ್ಲಿ ನಮ್ಮವು ಹಳೆಯ ಪಂಚೆಯಷ್ಟು ಮೆದುವಾಗಿವೆ, ಒಂದು ನಡುವೆ ಹರಿದು ಜಾಲರಿಯಾಗಿದೆ. ಮುಂದಿನ ವಾರ ಕಾಸರಗೋಡಿಗೆ ಹೋಗುವಾಗ ಇನ್ನೆರಡು ತರಬೇಕು. ಹಿರಿಯವಳಿಗೆ ಆರು ವರ್ಷ, ಶಾಲೆಯಿಂದ ಬರುವಾಗ ಮೊಣಕೈಸಂದಿ ಕೆರೆದುಕೊಳ್ಳುತ್ತ ಬರುತ್ತಾಳೆ. ತನ್ನ ಚೀಲದಲ್ಲಿಡಲು ಒಂದು ಬೇಕು, ಹಸಿರು ಅಂಚಿನದು, ತಮ್ಮನಿಗೆ ಕೊಡುವುದಿಲ್ಲ ಎಂದಿದ್ದಾಳೆ.